ಮೂರು ವರ್ಷದ ಡಿಗ್ರಿ ಇಟ್ಕೊಂಡು ಫಾರಿನ್‌ನಲ್ಲಿ ಮಾಸ್ಟರ್ಸ್: ಕೊಡಗಿನವರು ಪದೇ ಪದೇ ಕೇಳೋ ಪ್ರಶ್ನೆಗಳು

ಬಿಎ, ಬಿಎಸ್ಸಿ, ಬಿಕಾಂ, ಬಿಸಿಎ, ಬಿಬಿಎ ಮುಗಿಸಿದವರಿಗೆ, ಮುಗಿಸ್ತಾ ಇರೋರಿಗೆ ಬರೆದಿದ್ದು ಇದು. ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪ, ಕುಶಾಲನಗರ, ಸೋಮವಾರಪೇಟೆ ಎಲ್ಲಾ ಕಡೆಯಿಂದ ಪ್ರತಿವರ್ಷ ಹೆಚ್ಚುಕಮ್ಮಿ ಇದೇ ಪ್ರಶ್ನೆಗಳು ಬರ್ತವೆ, ಮಕ್ಕಳೂ ಕೇಳ್ತಾರೆ ಅಪ್ಪ ಅಮ್ಮಂದಿರೂ ಕೇಳ್ತಾರೆ, ಹಾಗಾಗಿ ಒಂದೇ ಕಡೆ ಇರಲಿ ಅಂತ. ಪೊನ್ನಂಪೇಟೆ ಫಾರೆಸ್ಟ್ರಿ ಕಾಲೇಜಿನವರಿಗೆ, ಬಿಇ ಮಾಡಿದವರಿಗೆ ಈ ತೊಂದರೆ ಇಲ್ಲ, ಅವರದ್ದು 4 ವರ್ಷದ ಡಿಗ್ರಿ. ಆದ್ರೂ ದುಡ್ಡು, ಜಾಗದ ಪೇಪರ್ ಬಗ್ಗೆ ಬರೆದಿರೋದನ್ನ ಅವರೂ ಓದ್ಕೊಳ್ಳಿ.

ಮೂರೇ ವರ್ಷದ ಡಿಗ್ರಿಗೆ ಹೊರದೇಶದಲ್ಲಿ ಬೆಲೆ ಇದ್ಯಾ?

ಇದೆ. ಸುಮಾರು ದೇಶಗಳಲ್ಲಿ ಅವರದ್ದೇ ಡಿಗ್ರಿ ಮೂರು ವರ್ಷದ್ದು. ಸಮಸ್ಯೆ ಬರೋದು ಒಟ್ಟು ಎಷ್ಟು ವರ್ಷ ಓದಿದ್ದೀರಿ ಅಂತ ಎಣಿಸೋ ಕಡೆ. ಎಸ್ಸೆಸ್ಸೆಲ್ಸಿವರೆಗೆ 10, ಪಿಯುಸಿ 2, ಡಿಗ್ರಿ 3, ಒಟ್ಟು 15 ವರ್ಷ. ಅಮೆರಿಕ, ಕೆನಡಾ, ಜಪಾನ್ ಕಡೆ ಸಾಮಾನ್ಯವಾಗಿ 16 ಕೇಳ್ತಾರೆ. ಇಂಗ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ನಲ್ಲಿ ಅಲ್ಲಿಯ ಮಕ್ಕಳೂ ಮೂರೇ ವರ್ಷ ಓದೋದು (ಸ್ಕಾಟ್ಲೆಂಡ್ ಮಾತ್ರ 4). ಯುರೋಪಿನ ಬಹಳಷ್ಟು ದೇಶಗಳು 1999ರ ಬೊಲೊನ್ಯಾ ಒಪ್ಪಂದ ಆದ್ಮೇಲೆ ಮೂರು ವರ್ಷದ ಬ್ಯಾಚುಲರ್ಸ್‌ಗೇ ಬಂದವು, ಅದಕ್ಕೆ 180 ಇಸಿಟಿಎಸ್ ಕ್ರೆಡಿಟ್ (ಎಷ್ಟು ಓದಿದ್ದೀರಿ ಅಂತ ಅಳೆಯೋ ಯುರೋಪಿನ ಲೆಕ್ಕ) ಅಂತಾರೆ.

ಅದಕ್ಕೇ ಹೇಳೋದು, "ನನ್ನ ಡಿಗ್ರಿ ನಡೆಯುತ್ತಾ" ಅಂತ ಕೇಳಿದ್ರೆ ಯಾರೂ ಉತ್ತರ ಕೊಡಕ್ಕಾಗಲ್ಲ. ಯಾವ ದೇಶ, ಯಾವ ಯೂನಿವರ್ಸಿಟಿ, ಅದರಲ್ಲಿ ಯಾವ ಕೋರ್ಸ್ ಅಂತ ಇಟ್ಕೊಂಡು ಕೇಳಿ, ಆಗ ಹೌದು ಇಲ್ಲ ಅಂತ ಸರಿಯಾದ ಉತ್ತರ ಸಿಗತ್ತೆ.

ಎನ್‌ಇಪಿ ಬ್ಯಾಚ್ ನಮ್ಮದು. ನಾಲ್ಕನೇ ವರ್ಷ ಆನರ್ಸ್ ಮಾಡ್ಬೇಕಾ?

ಕರ್ನಾಟಕದಲ್ಲಿ 2021-22ರಲ್ಲಿ ಎನ್‌ಇಪಿ, ಅಂದ್ರೆ ರಾಷ್ಟ್ರೀಯ ಶಿಕ್ಷಣ ನೀತಿ ಬಂತು, ನಾಲ್ಕು ವರ್ಷದ ಆನರ್ಸ್ ದಾರಿ ತೆರೀತು, ಆಮೇಲೆ 2024ರ ಮೇನಲ್ಲಿ ಸರ್ಕಾರ ಆದೇಶ ಮಾಡಿ 2024-25ರಿಂದ ಸೇರೋರಿಗೆ ಮತ್ತೆ ಮೂರು ವರ್ಷದ ಡಿಗ್ರಿ ಮಾಡ್ತು. ಅಣ್ಣನಿಗೆ ನಾಲ್ಕನೇ ವರ್ಷ ಇತ್ತು ತಮ್ಮನಿಗೆ ಇಲ್ಲ ಅನ್ನೋ ಮನೆಗಳು ಎಷ್ಟೋ ಇವೆ. ಮಧ್ಯದ ಬ್ಯಾಚಿನವರಾಗಿದ್ದು ಆನರ್ಸ್ ಅವಕಾಶ ನಿಮಗಿದ್ರೆ, ಅಮೆರಿಕ ಅಥವಾ ಕೆನಡಾ ಕಡೆ ಮನಸ್ಸಿದ್ರೆ, ಖಂಡಿತ ಮಾಡಿ. ಇಂಗ್ಲೆಂಡ್‌ಗೆ ಹೋಗೋರಿಗೆ ಅದೊಂದು ವರ್ಷ ಬೇಕೇ ಬೇಕು ಅಂತೇನಿಲ್ಲ.

ಇಂಗ್ಲೆಂಡ್, ಆಸ್ಟ್ರೇಲಿಯಾ ಸುಲಭ ಅಂತಾರೆ, ಹೌದಾ?

ಅಡ್ಮಿಶನ್ ಮಟ್ಟಿಗೆ ಹೌದು. ಇಂಗ್ಲೆಂಡ್‌ನಲ್ಲಿ ಮಾಸ್ಟರ್ಸ್ ಒಂದೇ ವರ್ಷ, ಮೂರು ವರ್ಷದ ಡಿಗ್ರಿಯಲ್ಲಿ ಫಸ್ಟ್ ಕ್ಲಾಸ್ ಇದ್ರೆ ಬಹಳಷ್ಟು ಕಡೆ ಅರ್ಜಿ ಹಾಕ್ಬಹುದು, ದೊಡ್ಡ ಹೆಸರಿನ ಕಡೆ ಇನ್ನೂ ಜಾಸ್ತಿ ಕೇಳ್ತಾರೆ. ಆದ್ರೆ ಹೋಗೋ ಮುಂಚೆ ಎರಡು ವಿಷಯ ಗೊತ್ತಿರಲಿ. ಕೋರ್ಸ್ ಮುಗಿದ್ಮೇಲೆ ಅಲ್ಲೇ ಇದ್ದು ಕೆಲಸ ಹುಡುಕಕ್ಕೆ ಕೊಡೋ ಗ್ರಾಜುಯೇಟ್ ರೂಟ್ ವೀಸಾ 2 ವರ್ಷದ್ದಿತ್ತು, 2027ರ ಜನವರಿ 1ರಿಂದ ಅದಕ್ಕೆ ಅರ್ಜಿ ಹಾಕೋ ಮಾಸ್ಟರ್ಸ್‌ನವರಿಗೆ 18 ತಿಂಗಳು ಅಂತ ಮಾಡಿದ್ದಾರೆ. ಇನ್ನೊಂದು, 2024ರ ಜನವರಿಯಿಂದ ಕ್ಲಾಸ್ ಆಧಾರಿತ ಮಾಸ್ಟರ್ಸ್‌ಗೆ ಹೋಗೋರು ಗಂಡ, ಹೆಂಡತಿ, ಮಕ್ಕಳನ್ನ ಜೊತೆಗೆ ಕರ್ಕೊಂಡು ಹೋಗಂಗಿಲ್ಲ. ಮದುವೆ ಆಗಿ ಹೋಗೋ ಯೋಚನೆ ಇರೋ ಮನೆಗಳಲ್ಲಿ ಇದನ್ನ ಮೊದಲೇ ಮಾತಾಡ್ಕೊಳ್ಳಿ.

ಆಸ್ಟ್ರೇಲಿಯಾದಲ್ಲಿ ಮಾಸ್ಟರ್ಸ್ ಸಾಮಾನ್ಯವಾಗಿ ಒಂದೂವರೆಯಿಂದ ಎರಡು ವರ್ಷ. ಅಲ್ಲಿ ಆನರ್ಸ್ ಅಂದ್ರೆ ಮೂರು ವರ್ಷದ ಮೇಲೆ ಇನ್ನೊಂದು ವರ್ಷ ರಿಸರ್ಚ್ ಜೊತೆ ಓದೋದು, ಪಿಎಚ್‌ಡಿಗೆ ನೇರ ಹೋಗ್ಬೇಕಂದ್ರೆ ಅದು ಅಥವಾ ರಿಸರ್ಚ್ ಇರೋ ಮಾಸ್ಟರ್ಸ್ ಬೇಕು.

ಜರ್ಮನಿಯಲ್ಲಿ ಫೀಸ್ ಇಲ್ವಂತೆ, ನಮಗೆ ಸಿಗತ್ತಾ?

ಇದಕ್ಕೆ ಸ್ವಲ್ಪ ಉದ್ದ ಬರೀತೀನಿ, ಯಾಕಂದ್ರೆ ಜಾಸ್ತಿ ಜನ ಎಡವೋದು ಇಲ್ಲೇ.

ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಬಹುತೇಕ ಟ್ಯೂಷನ್ ಫೀಸ್ ಇಲ್ಲ, ಸೆಮಿಸ್ಟರ್‌ಗೆ ಸಣ್ಣ ಮೊತ್ತ ಮಾತ್ರ. ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ಮಾತ್ರ ನಮ್ಮಂಥವರಿಗೆ ಸೆಮಿಸ್ಟರ್‌ಗೆ 1,500 ಯೂರೋ, ಮ್ಯೂನಿಕ್‌ನ ಟೆಕ್ನಿಕಲ್ ಯೂನಿವರ್ಸಿಟಿ ಕೂಡ 2024ರಿಂದ ಫೀಸ್ ಶುರು ಮಾಡಿದೆ. ಫೀಸ್ ಇಲ್ಲ ಅಂದ್ರೂ ಖರ್ಚಿಗೆ ಅಂತ ಬ್ಲಾಕ್ಡ್ ಅಕೌಂಟ್‌ನಲ್ಲಿ ವರ್ಷಕ್ಕೆ 11,904 ಯೂರೋ ಮೊದಲೇ ಇಟ್ಟು ತೋರಿಸ್ಬೇಕು, ತಿಂಗಳಿಗೆ 992 ಯೂರೋ ಅದರಿಂದ ಬಿಡ್ತಾರೆ. 2022ರ ನವೆಂಬರ್‌ನಿಂದ ಎಪಿಎಸ್ ಸರ್ಟಿಫಿಕೇಟ್ ಕಡ್ಡಾಯ ಆಗಿದೆ, ನಿಮ್ಮ ಮಾರ್ಕ್ಸ್ ಕಾರ್ಡ್ ಅಸಲಿನಾ ಅಂತ ದೆಹಲಿಯಲ್ಲಿ ಪರಿಶೀಲನೆ ಮಾಡಿ ಕೊಡೋದು, ಫೀಸ್ 18,000 ರೂಪಾಯಿ. ಅದಿಲ್ಲದೆ ವೀಸಾ ಆಗಲ್ಲ.

ಈಗ ಮುಖ್ಯ ವಿಷಯ. ಜರ್ಮನಿಯವರು ವರ್ಷಕ್ಕಿಂತ ಜಾಸ್ತಿ ನೋಡೋದು ನೀವು ಆ ಸಬ್ಜೆಕ್ಟ್ ಎಷ್ಟು ಓದಿದ್ದೀರಿ ಅನ್ನೋದನ್ನ. ನಮ್ಮ ಹಳೇ ಬಿಎಸ್ಸಿ ಹೇಗಿತ್ತು ನೋಡಿ, ಪಿಸಿಎಂ ಅಂದ್ರೆ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಮೂರೂ ಸಮಸಮ, ಸಿಬಿಜೆಡ್ ಅಂದ್ರೆ ಕೆಮಿಸ್ಟ್ರಿ, ಬಾಟನಿ, ಜುವಾಲಜಿ ಮೂರೂ ಸಮ. ಅದರ ಮೇಲೆ ಎರಡು ಭಾಷೆ. ಹಾಗಾಗಿ ಫಿಸಿಕ್ಸ್ ಮಾಸ್ಟರ್ಸ್‌ಗೆ ಹಾಕಿದ್ರೆ ಅಲ್ಲಿಯ ಹುಡುಗ ಮೂರು ವರ್ಷ ಪೂರ್ತಿ ಫಿಸಿಕ್ಸ್ ಓದಿರ್ತಾನೆ, ನಮ್ಮ ಹುಡುಗಿ ಮೂರನೇ ಒಂದು ಭಾಗಕ್ಕಿಂತ ಕಮ್ಮಿ ಓದಿರ್ತಾಳೆ, ಬುದ್ಧಿ ಎಷ್ಟೇ ಚುರುಕಿದ್ರೂ ಕಾಗದದಲ್ಲಿ ಕ್ರೆಡಿಟ್ ಸಾಲಲ್ಲ. ಕೋರ್ಸಿನ ಅಡ್ಮಿಶನ್ ನಿಯಮದಲ್ಲಿ "ಗಣಿತದಲ್ಲಿ ಇಷ್ಟು ಇಸಿಟಿಎಸ್, ಈ ವಿಷಯದಲ್ಲಿ ಇಷ್ಟು" ಅಂತ ಬರೆದಿರತ್ತೆ. ಅದನ್ನ ಮುಂದಿಟ್ಕೊಂಡು ನಿಮ್ಮ ಸಿಲಬಸ್ ಜೊತೆ ಒಂದೊಂದೇ ಪೇಪರ್ ತಾಳೆ ನೋಡಿ. ಅದಕ್ಕೇ ಆರೂ ಸೆಮಿಸ್ಟರಿನ ಸಿಲಬಸ್ ಪಿಡಿಎಫ್ ಎತ್ತಿಟ್ಕೊಳ್ಳಿ ಅಂತ ಎಲ್ಲರಿಗೂ ಬಡ್ಕೋತೀನಿ, ಸ್ಕೀಮ್ ಬದಲಾದ್ಮೇಲೆ ಹಳೇದು ಹುಡುಕೋದು ಬಹಳ ಕಷ್ಟ.

ಬಿಕಾಂ ಮಾಡಿ ಡೇಟಾ ಸೈನ್ಸ್, ಬಿಎಸ್ಸಿ ಪಿಸಿಎಂ ಮಾಡಿ ಕಂಪ್ಯೂಟರ್ ಸೈನ್ಸ್ ಅಂತ ಹಾರೋದು ಇಂಗ್ಲೆಂಡ್‌ನಲ್ಲಿ ಕೆಲವು ಕನ್ವರ್ಶನ್ ಕೋರ್ಸಲ್ಲಿ ಆಗತ್ತೆ, ಜರ್ಮನಿಯ ಸರ್ಕಾರಿ ಯೂನಿವರ್ಸಿಟಿಯಲ್ಲಿ ಹೆಚ್ಚಾಗಿ ಆಗಲ್ಲ.

ಮಾರ್ಕ್ಸ್ ಬಗ್ಗೆ: ಅಲ್ಲಿ 1 ಅಂದ್ರೆ ಅತ್ಯುತ್ತಮ, 4 ಅಂದ್ರೆ ಜಸ್ಟ್ ಪಾಸ್. ಲೆಕ್ಕ ಹೀಗೆ, ಗರಿಷ್ಠ ಅಂಕದಿಂದ ನಿಮ್ಮ ಅಂಕ ಕಳೀರಿ, ಅದನ್ನ ಗರಿಷ್ಠದಿಂದ ಪಾಸ್ ಅಂಕ ಕಳೆದು ಬಂದಿದ್ದರಿಂದ ಭಾಗಿಸಿ, 3ರಿಂದ ಗುಣಿಸಿ, 1 ಕೂಡಿಸಿ. 70 ಪರ್ಸೆಂಟ್ ಇದ್ದು ಪಾಸ್ ಮಾರ್ಕ್ 35 ಅಂತಿಟ್ಕೊಂಡ್ರೆ ಸುಮಾರು 2.4 ಬರತ್ತೆ. ಸುಮಾರು ಕೋರ್ಸ್‌ಗಳು 2.5ರ ಒಳಗೆ ಕೇಳ್ತವೆ, ಹಾಗಾಗಿ 70 ಬಂದವರು ಎದೆಗುಂದಬೇಕಿಲ್ಲ.

ಅಮೆರಿಕಕ್ಕೆ ಮೂರು ವರ್ಷದ ಡಿಗ್ರಿಯಲ್ಲಿ ಹೋಗಕ್ಕೆ ಆಗೋದೇ ಇಲ್ವಾ?

ಆಗತ್ತೆ, ಬಾಗಿಲು ಕಮ್ಮಿ ಅಷ್ಟೇ. ಅಮೆರಿಕದಲ್ಲಿ ಎಲ್ಲರಿಗೂ ಒಂದೇ ನಿಯಮ ಅಂತಿಲ್ಲ, ಪ್ರತಿ ಯೂನಿವರ್ಸಿಟಿಯ ಗ್ರಾಜುಯೇಟ್ ಸ್ಕೂಲ್ (ಮಾಸ್ಟರ್ಸ್, ಪಿಎಚ್‌ಡಿ ನೋಡ್ಕೊಳ್ಳೋ ವಿಭಾಗ) ತನ್ನದೇ ನಿಯಮ ಇಟ್ಕೊಂಡಿದೆ. ಕೆಲವರು ನಾಲ್ಕು ವರ್ಷ ಇಲ್ಲದಿದ್ರೆ ಅರ್ಜಿ ತೆಗೆಯೋದೇ ಇಲ್ಲ. ಕೆಲವರು ಮೂರು ವರ್ಷದ ಡಿಗ್ರಿ ಜೊತೆ ಇಲ್ಲಿಯ ಎಂಎಸ್ಸಿ ಅಥವಾ ಎಂಎ ಇದ್ರೆ ಒಪ್ತಾರೆ. ಇನ್ನು ಕೆಲವರು ನ್ಯಾಕ್ (ಕಾಲೇಜು, ಯೂನಿವರ್ಸಿಟಿಗಳ ಗುಣಮಟ್ಟ ನೋಡೋ ಸಂಸ್ಥೆ) ಕೊಟ್ಟ ಗ್ರೇಡ್ ಮತ್ತು ನಿಮ್ಮ ದರ್ಜೆ ನೋಡಿ ಮೂರು ವರ್ಷದ್ದನ್ನೇ ಒಪ್ತಾರೆ. ಡಬ್ಲ್ಯುಇಎಸ್ ಅಂತ ಡಿಗ್ರಿ ಹೋಲಿಸಿ ರಿಪೋರ್ಟ್ ಕೊಡೋ ಸಂಸ್ಥೆ ಇದೆ, ನ್ಯಾಕ್‌ನಲ್ಲಿ ಎ ಅಥವಾ ಅದರ ಮೇಲಿನ ಗ್ರೇಡ್ ಇರೋ ಸಂಸ್ಥೆಯಿಂದ ಒಳ್ಳೆ ದರ್ಜೆಯಲ್ಲಿ ಪಾಸಾಗಿದ್ರೆ ಅವರು ಅಮೆರಿಕದ ಬ್ಯಾಚುಲರ್ಸ್‌ಗೆ ಸಮ ಅಂತ ಬರೆದು ಕೊಡೋದುಂಟು. ಆದ್ರೆ ಆ ರಿಪೋರ್ಟ್ ಮಾಡಿಸೋ ಮುಂಚೆ ನೀವು ಹಾಕೋ ಯೂನಿವರ್ಸಿಟಿ ಅದನ್ನ ಒಪ್ಪತ್ತಾ ಅಂತ ಕೇಳಿ, ಸುಮ್ನೆ ಡಾಲರ್ ಕಟ್ಟಬೇಡಿ.

ಕೇಳೋದು ಹೇಗೆ ಅಂದ್ರೆ ಇಮೇಲ್‌ನಲ್ಲಿ. ಯಾವ ಡಿಗ್ರಿ, ಯಾವ ಯೂನಿವರ್ಸಿಟಿ, ಎಷ್ಟು ವರ್ಷ, ಎಷ್ಟು ಪರ್ಸೆಂಟ್, ಯಾವ ಪ್ರೋಗ್ರಾಂ, ಯಾವ ವರ್ಷಕ್ಕೆ, ಇಷ್ಟು ನಾಲ್ಕು ಸಾಲಲ್ಲಿ ಬರೆದು ಡಿಪಾರ್ಟ್‌ಮೆಂಟ್‌ಗೂ ಗ್ರಾಜುಯೇಟ್ ಸ್ಕೂಲ್‌ಗೂ ಕಳ್ಸಿ. ಡಿಪಾರ್ಟ್‌ಮೆಂಟ್ ಸರಿ ಅಂದು ಗ್ರಾಜುಯೇಟ್ ಸ್ಕೂಲ್ ಬೇಡ ಅನ್ನೋದೂ ಇದೆ, ಕೊನೇ ಮಾತು ಗ್ರಾಜುಯೇಟ್ ಸ್ಕೂಲ್‌ದೇ. ಬಂದ ಉತ್ತರ ಸೇವ್ ಮಾಡಿಟ್ಕೊಳ್ಳಿ.

ಮುಂದಿನ ಯೋಚನೆ ಇರೋರಿಗೆ ಇನ್ನೊಂದು ಮಾತು. ಅಲ್ಲಿ ಗ್ರೀನ್ ಕಾರ್ಡ್ ಅರ್ಜಿಗಳಲ್ಲಿ 1977ರ ಮ್ಯಾಟರ್ ಆಫ್ ಶಾ ಅನ್ನೋ ತೀರ್ಮಾನದಿಂದ ಇವತ್ತಿನವರೆಗೂ ನಮ್ಮ ಮೂರು ವರ್ಷದ ಡಿಗ್ರಿ ಒಂದನ್ನೇ ಅವರ ಬ್ಯಾಚುಲರ್ಸ್‌ಗೆ ಸಮ ಅಂತ ಸಾಮಾನ್ಯವಾಗಿ ಒಪ್ಪಲ್ಲ. ಅಲ್ಲೇ ಮಾಸ್ಟರ್ಸ್ ಮಾಡಿದವರ ಪರಿಸ್ಥಿತಿ ಬೇರೆ, ಆದ್ರೂ ವಕೀಲರ ಹತ್ರ ಹೋಗೋ ದಿನ ಇದು ಎದುರಿಗೆ ಬರತ್ತೆ.

ಕೆನಡಾ?

ಯೂನಿವರ್ಸಿಟಿ ಮಾಸ್ಟರ್ಸ್‌ಗೆ ಸಾಮಾನ್ಯವಾಗಿ ನಾಲ್ಕು ವರ್ಷ, ಇಲ್ಲಾ ಮೂರು ವರ್ಷದ ಮೇಲೆ ಇಲ್ಲಿಯ ಮಾಸ್ಟರ್ಸ್ ಕೇಳ್ತಾರೆ. ಕಾಲೇಜುಗಳ ಪಿಜಿ ಡಿಪ್ಲೊಮಾಗೆ ಮೂರು ವರ್ಷ ಸಾಕು, ಅದಕ್ಕೇ ನಮ್ಮ ಕಡೆ ಮಕ್ಕಳು ಅಲ್ಲಿಗೆ ಗುಂಪುಗುಂಪಾಗಿ ಹೋದ್ರು. ಆದ್ರೆ 2024ರ ನವೆಂಬರ್‌ನಿಂದ ನಿಯಮ ಬಿಗಿ ಆಗಿದೆ, ಕಾಲೇಜಿನ ಡಿಪ್ಲೊಮಾ ಮುಗಿಸಿದವರಿಗೆ ಕೆಲಸದ ಪರ್ಮಿಟ್ ಸಿಗೋದು ಅವರು ಪಟ್ಟಿ ಮಾಡಿರೋ ವಿಷಯ ಓದಿದ್ರೆ ಮಾತ್ರ. ಹಳೇ ಕಥೆ ಕೇಳಿ ದುಡ್ಡು ಕಟ್ಟಬೇಡಿ.

ಇಲ್ಲೇ ಎಂಎಸ್ಸಿ ಮಾಡಿ ಹೋದ್ರೆ ಎರಡು ವರ್ಷ ವೇಸ್ಟ್ ಅಲ್ವಾ?

ಈ ಪ್ರಶ್ನೆ ಕೇಳಿದಾಗೆಲ್ಲ ನನಗೆ ಬೇಜಾರಾಗತ್ತೆ, ಯಾಕಂದ್ರೆ ಇದು ವೇಸ್ಟ್ ಅಂತ ಮಕ್ಕಳ ತಲೆಗೆ ಯಾರೋ ತುಂಬಿರ್ತಾರೆ. ಎಂಎಸ್ಸಿ ಮುಗಿಸಿದ್ರೆ 17 ವರ್ಷ ಆಯ್ತು, 16ರ ಲೆಕ್ಕ ಮುಗೀತು. ಒಂದೇ ವಿಷಯ ಆಳವಾಗಿ ಓದಿರ್ತೀರಿ, ಪ್ರಾಜೆಕ್ಟ್ ಮಾಡಿರ್ತೀರಿ, ಲೆಕ್ಚರರ್‌ಗೆ ನಿಮ್ಮ ಕೆಲಸ ಗೊತ್ತಿರತ್ತೆ. ಅಮೆರಿಕದಲ್ಲಿ ಸೈನ್ಸ್ ಪಿಎಚ್‌ಡಿಗೆ ಸ್ಟೈಪೆಂಡ್ ಕೊಟ್ಟು ಓದಿಸ್ತಾರೆ, ಅಂಥ ಕಡೆ ನೇರ ಹಾಕ್ಬಹುದು. ನಲವತ್ತು ಲಕ್ಷ ಸಾಲ ಮಾಡಿ ಅಲ್ಲಿ ಮಾಸ್ಟರ್ಸ್ ಮಾಡೋದಕ್ಕೂ, ಇಲ್ಲಿ ಕಮ್ಮಿ ಫೀಸಲ್ಲಿ ಎಂಎಸ್ಸಿ ಮಾಡಿ ಆಮೇಲೆ ಸ್ಟೈಪೆಂಡ್ ತಗೊಂಡು ಪಿಎಚ್‌ಡಿಗೆ ಹೋಗೋದಕ್ಕೂ ಮನೆಗೆ ಬೀಳೋ ಭಾರ ಎಷ್ಟು ಬೇರೆ ಅಂತ ಅಪ್ಪ ಅಮ್ಮನ ಜೊತೆ ಕೂತು ಲೆಕ್ಕ ಹಾಕಿ.

ಓದ್ತಾ ಇರುವಾಗ್ಲೇ ನಮ್ಮೂರಲ್ಲೇ ಇರೋ ಅವಕಾಶ ನೋಡಿ. ಚೆಟ್ಟಳ್ಳಿಯಲ್ಲಿ ಕಾಫಿ ಬೋರ್ಡಿನ ಸಂಶೋಧನಾ ಉಪಕೇಂದ್ರ ಇದೆ, ಅಲ್ಲೇ ತೋಟಗಾರಿಕೆ ಪ್ರಯೋಗ ಕೇಂದ್ರನೂ ಇದೆ. ಬಾಟನಿ, ಮೈಕ್ರೋಬಯಾಲಜಿ, ಕೆಮಿಸ್ಟ್ರಿಯವರು ಕಾಲೇಜಿನ ಪತ್ರ ತಗೊಂಡು ಹೋಗಿ ಪ್ರಾಜೆಕ್ಟ್ ಕೇಳಿ. ಕಾಫಿಯ ಕಾಂಡಕೊರಕ ಹುಳದ ಬಗ್ಗೆ ಎರಡು ತಿಂಗಳು ಕೆಲಸ ಮಾಡಿದ್ದೀನಿ ಅಂತ ಎಸ್‌ಒಪಿಯಲ್ಲಿ (ಈ ಕೋರ್ಸ್ ಯಾಕೆ ಅಂತ ಅರ್ಜಿ ಜೊತೆ ಬರೆಯೋ ಪತ್ರ) ಬರೆದ್ರೆ "ಚಿಕ್ಕಂದಿನಿಂದ ವಿಜ್ಞಾನ ಅಂದ್ರೆ ಇಷ್ಟ" ಅನ್ನೋ ಹತ್ತು ಸಾಲಿಗಿಂತ ಅದಕ್ಕೆ ತೂಕ ಜಾಸ್ತಿ.

ಪಿಜಿಡಿಸಿಎ ಥರ ಒಂದು ವರ್ಷದ ಡಿಪ್ಲೊಮಾ ಮಾಡಿ 16 ಮಾಡ್ಕೊಳ್ಳಬಹುದಾ?

ಕೆಲವು ಕಡೆ ಮಾತ್ರ, ಅದೂ ಮಾನ್ಯತೆ ಇರೋ ಯೂನಿವರ್ಸಿಟಿ ಕೊಟ್ಟಿದ್ದು, ಡಿಗ್ರಿ ಆದ್ಮೇಲೇ ಸೇರೋ ಕೋರ್ಸ್ ಆಗಿದ್ರೆ. ಇಮೇಲ್‌ನಲ್ಲಿ ಕೇಳಿ ಒಪ್ಪಿದ್ರೆ ಮಾತ್ರ ಸೇರಿ. ದುಡ್ಡು ಕೊಟ್ರೆ ನಾಲ್ಕನೇ ವರ್ಷದ ಸರ್ಟಿಫಿಕೇಟ್ ಮಾಡಿಸಿ ಕೊಡ್ತೀವಿ ಅನ್ನೋರು ಸಿಕ್ಕಿದ್ರೆ ಅಲ್ಲಿಂದ ಎದ್ದು ಬನ್ನಿ, ಸಿಕ್ಕಿಬಿದ್ರೆ ವೀಸಾ ಜೀವಮಾನಪೂರ್ತಿ ಕಷ್ಟ.

ಟ್ರಾನ್ಸ್‌ಕ್ರಿಪ್ಟ್ ಎಲ್ಲಿ ಸಿಗತ್ತೆ? ಕಾಲೇಜಲ್ಲಾ ಯೂನಿವರ್ಸಿಟಿಯಲ್ಲಾ?

ಯೂನಿವರ್ಸಿಟಿಯಲ್ಲಿ. ಟ್ರಾನ್ಸ್‌ಕ್ರಿಪ್ಟ್ ಅಂದ್ರೆ ಎಲ್ಲಾ ಸೆಮಿಸ್ಟರಿನ ಮಾರ್ಕ್ಸ್ ಒಟ್ಟಿಗೆ ಇರೋ ಅಧಿಕೃತ ಪತ್ರ. ಮಾರ್ಕ್ಸ್ ಕಾರ್ಡ್ ಮೇಲೆ ಯಾವ ಯೂನಿವರ್ಸಿಟಿ ಹೆಸರಿದೆ ನೋಡಿ. ಮುಂಚೆ ಓದಿದ ನಮ್ಮವರಿಗೆಲ್ಲ ಮಂಗಳೂರು ಯೂನಿವರ್ಸಿಟಿದು ಇರತ್ತೆ, ಅವರು ಕೊಣಾಜೆಗೆ ಹೋಗ್ಬೇಕು. 2023ರಲ್ಲಿ ಚಿಕ್ಕ ಅಳುವಾರದಲ್ಲಿ ಕೊಡಗು ಯೂನಿವರ್ಸಿಟಿ ಶುರುವಾದ್ಮೇಲೆ ಅದರಡಿ ಸೇರಿದವರಿಗೆ ಕುಶಾಲನಗರದ ಹತ್ರವೇ ಆಯ್ತು. 2025ರಲ್ಲಿ ಹೊಸ ಯೂನಿವರ್ಸಿಟಿಗಳನ್ನ ಮುಚ್ಚೋ ಮಾತು ಬಂದಾಗ ತುಂಬಾ ಮಕ್ಕಳು ನಮ್ಮ ಡಿಗ್ರಿ ಏನಾಗತ್ತೆ ಅಂತ ಹೆದರಿದ್ರು. ಕಾನೂನಿನ ಪ್ರಕಾರ ಇದ್ದ ಯೂನಿವರ್ಸಿಟಿ ಕೊಟ್ಟ ಡಿಗ್ರಿ ಡಿಗ್ರಿಯೇ, ಅದರ ಬಗ್ಗೆ ನಿದ್ದೆ ಕೆಡಿಸ್ಕೊಬೇಡಿ.

ಒಂದೇ ಸಲಕ್ಕೆ ನಾಲ್ಕೈದು ಸೀಲ್ ಮಾಡಿದ ಕವರ್ ತಗೊಳ್ಳಿ. ಎಲ್ಲಾ ಸರ್ಟಿಫಿಕೇಟಲ್ಲೂ ಹೆಸರು ಪಾಸ್‌ಪೋರ್ಟಿನ ಥರಾನೇ ಇದ್ಯಾ ನೋಡಿ. ನಮ್ಮಲ್ಲಿ ಮನೆತನದ ಹೆಸರು ಒಂದು ಕಡೆ ಮುಂದೆ, ಇನ್ನೊಂದು ಕಡೆ ಹಿಂದೆ, ಮತ್ತೊಂದು ಕಡೆ ಬರೀ ಇನಿಶಿಯಲ್ ಇರತ್ತೆ, ಇದನ್ನ ಸರಿ ಮಾಡಕ್ಕೆ ತಿಂಗಳುಗಟ್ಟಲೆ ಹಿಡಿಯತ್ತೆ, ಹಾಗಾಗಿ ಫೈನಲ್ ಇಯರ್‌ನಲ್ಲೇ ಶುರು ಮಾಡಿ.

ಕಾಫಿ ತೋಟದ ಆದಾಯ ಇರೋ ಮನೆ. ವೀಸಾಗೆ, ಲೋನ್‌ಗೆ ಏನು ತೋರಿಸೋದು?

ಅಪ್ಪಂದಿರು ಓದ್ಬೇಕಾದ ಉತ್ತರ ಇದು. ಕ್ಯೂರಿಂಗ್ (ಸಿಪ್ಪೆ ತೆಗೆದು ಬೀಜ ಹದ ಮಾಡೋದು) ಮಾಡದೆ ಹಾಗೇ ಮಾರಿದ ಕಾಫಿಯ ಆದಾಯ ಕೃಷಿ ಆದಾಯ, ಕೇಂದ್ರದ ಇನ್‌ಕಂ ಟ್ಯಾಕ್ಸ್ ಇಲ್ಲ. ಅದಕ್ಕೇ ಸುಮಾರು ಮನೆಯಲ್ಲಿ ರಿಟರ್ನ್ ಹಾಕೋದೇ ಇಲ್ಲ, ಆಮೇಲೆ ಬ್ಯಾಂಕಿನವರು ಮೂರು ವರ್ಷದ ಐಟಿಆರ್ ಕೊಡಿ ಅಂದಾಗ ಕೈಯಲ್ಲಿ ಏನೂ ಇರಲ್ಲ. ಟ್ಯಾಕ್ಸ್ ಇಲ್ದಿದ್ರೂ ವಿನಾಯಿತಿ ಆದಾಯ ಅಂತ ತೋರಿಸಿ ರಿಟರ್ನ್ ಹಾಕ್ತಾ ಬನ್ನಿ, ಮಗು ಡಿಗ್ರಿ ಸೇರಿದ ವರ್ಷದಿಂದಲೇ. ವ್ಯಾಪಾರಿ ಕೊಡೋ ಬಿಲ್ ಎಸೀಬೇಡಿ, ದುಡ್ಡು ಆದಷ್ಟು ಬ್ಯಾಂಕಿಗೇ ಬರಲಿ.

ಇಂಗ್ಲೆಂಡ್ ವೀಸಾಗೆ ಬೇಕಾದ ಮೊತ್ತ ಅಕೌಂಟಲ್ಲಿ ಸತತ 28 ದಿನ ಇರಬೇಕು, ಒಂದು ದಿನ ಕಮ್ಮಿ ಆದ್ರೂ ರಿಜೆಕ್ಟ್. ರೊಬಸ್ಟಾ ಕೊಯ್ಲು ಮುಗಿದು ದುಡ್ಡು ಬರೋದು ಮಾರ್ಚ್, ಏಪ್ರಿಲ್ ಹೊತ್ತಿಗೆ, ಸೆಪ್ಟೆಂಬರ್ ಇನ್‌ಟೇಕ್‌ಗೆ ವೀಸಾ ಹಾಕೋದು ಜೂನ್‌ನಿಂದ ಆಗಸ್ಟ್. ಮಧ್ಯದಲ್ಲಿ ಗೊಬ್ಬರ, ಆಳಿನ ಕೂಲಿ, ಮನೆ ರಿಪೇರಿ ಅಂತ ಆ ದುಡ್ಡು ಕರಗದ ಹಾಗೆ ಬೇರೆ ಅಕೌಂಟಲ್ಲಿ ಎತ್ತಿಡಿ.

ಇನ್ನು ಲೋನ್. ಸರ್ಕಾರಿ ಬ್ಯಾಂಕಲ್ಲಿ ಏಳೂವರೆ ಲಕ್ಷದ ಮೇಲೆ ಸಾಮಾನ್ಯವಾಗಿ ಆಸ್ತಿ ಅಡ ಕೇಳ್ತಾರೆ. ಇಲ್ಲಿ ಜಮ್ಮ ಬಾಣೆಯವರಿಗೆ (ಕೊಡಗಲ್ಲಿ ತಲೆತಲಾಂತರದಿಂದ ಮನೆತನಕ್ಕೆ ಬಂದ ಜಾಗ ಇರೋರಿಗೆ) ಕಷ್ಟ. ಪಹಣಿಯಲ್ಲಿ ಯಾವತ್ತೋ ತೀರಿಹೋದ ಪಟ್ಟೆದಾರರ (ಮನೆತನದ ಹಿರಿಯರ) ಹೆಸರು, ಜೊತೆಗೆ ಒಕ್ಕದ, ಅಂದ್ರೆ ಮನೆತನದ ಪಾಲುದಾರರು, ಎಲ್ಲರ ಸಹಿ ಬೇಕು, ಅವರಲ್ಲಿ ಒಬ್ಬರು ಬೆಂಗಳೂರಲ್ಲಿ ಒಬ್ಬರು ದುಬೈಯಲ್ಲಿ. ಜಮ್ಮ ಬಾಣೆ ಬಗ್ಗೆ 2011ರಲ್ಲಿ ಕಾನೂನು ತಿದ್ದುಪಡಿ ಆದ್ಮೇಲೂ ದಾಖಲೆ ಸರಿಯಾಗದ ಮನೆಗಳು ಬೇಕಾದಷ್ಟಿವೆ, ಬ್ಯಾಂಕಿನ ವಕೀಲರು ಅಂಥ ಪೇಪರ್ ನೋಡಿ ವಾಪಸ್ ಕಳಿಸ್ತಾರೆ. ಒಕ್ಕದವರು ಹಬ್ಬಕ್ಕೆ ಐನ್‌ಮನೆಯಲ್ಲಿ (ಒಕ್ಕದ ಮೂಲಮನೆ) ಸೇರಿದಾಗ್ಲೇ ಈ ಮಾತು ಎತ್ತಿ. ಅದಾಗಲ್ಲ ಅಂದ್ರೆ ಸ್ವಂತ ಹೆಸರಲ್ಲಿರೋ ಸೈಟ್, ಎಫ್‌ಡಿ, ಎಲ್‌ಐಸಿ ಪಾಲಿಸಿ ಇಟ್ಟು ನೋಡಿ. ಖಾಸಗಿ ಫೈನಾನ್ಸ್‌ನವರು ಅಡ ಇಲ್ಲದೆ ಕೊಡ್ತಾರೆ, ಬಡ್ಡಿ ಜಾಸ್ತಿ.

ಸ್ಕಾಲರ್‌ಶಿಪ್ ಇದ್ಯಾ?

ಎರಾಸ್ಮಸ್ ಮುಂಡಸ್ ನೋಡಿ, ಎರಡು ಮೂರು ಯುರೋಪಿಯನ್ ದೇಶದಲ್ಲಿ ಓದೋದು, ಫೀಸ್ ಅವರೇ ಕಟ್ಟಿ ತಿಂಗಳಿಗೆ 1,400 ಯೂರೋ ಕೊಡ್ತಾರೆ, ಮೂರು ವರ್ಷದ ಡಿಗ್ರಿಯವರೂ ಹಾಕೋ ಕೋರ್ಸ್‌ಗಳು ಅದರಲ್ಲಿವೆ. ಇಂಗ್ಲೆಂಡಿನ ಚೀವನಿಂಗ್‌ಗೆ ಎರಡು ವರ್ಷ ಕೆಲಸದ ಅನುಭವ ಬೇಕು. 1892ರಿಂದ ನಡೀತಾ ಇರೋ ಜೆ.ಎನ್. ಟಾಟಾ ಎಂಡೋಮೆಂಟ್ ಸಾಲದ ರೂಪದಲ್ಲಿ ಕೊಡತ್ತೆ.

ಎಸ್‌ಸಿ, ಎಸ್‌ಟಿ ಮಕ್ಕಳಿಗೆ ಕರ್ನಾಟಕ ಸರ್ಕಾರದ ಪ್ರಬುದ್ಧ ಯೋಜನೆ ಇದೆ, ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ಇದೆ. ಬುಡಕಟ್ಟು ಮಂತ್ರಾಲಯದ ಓವರ್‌ಸೀಸ್ ಸ್ಕಾಲರ್‌ಶಿಪ್‌ನಲ್ಲಿ ದೇಶಕ್ಕೆಲ್ಲ 20 ಸೀಟು, ಅದರಲ್ಲಿ 3 ಅತಿ ಹಿಂದುಳಿದ ಬುಡಕಟ್ಟುಗಳಿಗೆ ಅಂತ ಇಟ್ಟಿದ್ದಾರೆ, ನಮ್ಮ ಜೇನುಕುರುಬರು ಆ ಪಟ್ಟಿಯಲ್ಲಿದ್ದಾರೆ. ಯರವ ಮಕ್ಕಳು ಉಳಿದ ಎಸ್‌ಟಿ ಸೀಟಿಗೆ ಹಾಕ್ಬಹುದು. ತಿತಿಮತಿ, ನಾಗರಹೊಳೆ ಅಂಚಿನ ಹಾಡಿಗಳಲ್ಲಿ ಡಿಗ್ರಿ ಓದ್ತಿರೋ ಒಬ್ಬ ಹುಡುಗನೋ ಹುಡುಗಿಯೋ ನಿಮಗೆ ಗೊತ್ತಿದ್ರೆ ದಯವಿಟ್ಟು ಇದನ್ನ ಹೇಳಿ, ಅವರಿಗೆ ಈ ಸುದ್ದಿ ಮುಟ್ಟೋದೇ ಇಲ್ಲ.

ಕನ್ನಡ ಮೀಡಿಯಂ ಬಿಎ ನಂದು. ಇಂಗ್ಲಿಷ್ ಟೆಸ್ಟ್ ಭಯ.

ಐಇಎಲ್‌ಟಿಎಸ್ ಅಂದ್ರೆ ಕೇಳೋದು, ಓದೋದು, ಬರೆಯೋದು, ಮಾತಾಡೋದು. ವ್ಯಾಕರಣ ಬಾಯಿಪಾಠ ಮಾಡಿ ಪಾಸಾಗೋ ಪರೀಕ್ಷೆ ಅಲ್ಲ, ದಿನಾ ಅರ್ಧ ಗಂಟೆ ಇಂಗ್ಲಿಷ್ ರೇಡಿಯೋ ಕೇಳಿ, ಒಂದು ಪುಟ ಬರೀರಿ, ಆರು ತಿಂಗಳಲ್ಲಿ ಬಹಳ ಬದಲಾವಣೆ ಆಗತ್ತೆ. ಮಂಗಳೂರಿಗೆ ಹೋಗಿ ಬರೀಬಹುದು. ಸ್ಕೋರ್ 2 ವರ್ಷ ನಡೆಯತ್ತೆ, ಜಿಆರ್‌ಇ (ಮಾಸ್ಟರ್ಸ್, ಪಿಎಚ್‌ಡಿಗೆ ಕೆಲವು ಕಡೆ ಕೇಳೋ ಇನ್ನೊಂದು ಪರೀಕ್ಷೆ) ಸ್ಕೋರ್ 5 ವರ್ಷ. ಇಂಗ್ಲಿಷ್ ಮೀಡಿಯಂ ಪತ್ರ ತಂದ್ರೆ ಟೆಸ್ಟ್ ಬೇಡ ಅನ್ನೋ ಯೂನಿವರ್ಸಿಟಿಗಳೂ ಇವೆ, ಆದ್ರೆ ಕನ್ನಡದಲ್ಲಿ ಪರೀಕ್ಷೆ ಬರೆದವರು ಆ ಪತ್ರ ಮಾಡಿಸಬಾರದು, ಮಾರ್ಕ್ಸ್ ಕಾರ್ಡಿಗೂ ಪತ್ರಕ್ಕೂ ಹೊಂದಲ್ಲ.

ರೆಕಮೆಂಡೇಶನ್ ಲೆಟರ್ ಕೊಡೋಕೆ ಲೆಕ್ಚರರ್ ಸಿಗ್ತಿಲ್ಲ.

ಸರ್ಕಾರಿ ಕಾಲೇಜುಗಳಲ್ಲಿ ಪಾಠ ಮಾಡಿದ ಅತಿಥಿ ಉಪನ್ಯಾಸಕರು ಮುಂದಿನ ವರ್ಷ ಅಲ್ಲಿರ್ತಾರೆ ಅನ್ನೋ ಗ್ಯಾರಂಟಿ ಇಲ್ಲ. ಕಾಲೇಜು ಬಿಡೋ ಮುಂಚೆನೇ ಇಬ್ಬರು ಮೂವರ ಹತ್ರ ಮಾತಾಡಿ ಇಮೇಲ್ ತಗೊಂಡಿರಿ. ಕಾಲೇಜಿನ ಹೆಸರಿರೋ ಇಮೇಲ್ ಐಡಿಯಿಂದ ಕಳ್ಸಿದ್ರೆ ಒಳ್ಳೇದು, ಸುಮಾರು ಕಡೆ ಜಿಮೇಲ್ ಒಪ್ಪಲ್ಲ. ನಿಮ್ಮ ಪ್ರಾಜೆಕ್ಟ್, ಸೆಮಿನಾರ್, ಮಾರ್ಕ್ಸ್ ಎಲ್ಲಾ ಒಂದು ಹಾಳೆಯಲ್ಲಿ ಬರೆದು ಕೊಡಿ, ಐವತ್ತು ಮಕ್ಕಳಿಗೆ ಪಾಠ ಮಾಡೋರಿಗೆ ಅಷ್ಟೂ ನೆನಪಿರಲ್ಲ.

ಏಜೆಂಟ್ ಮೂಲಕ ಹೋಗೋದಾ, ನಾವೇ ಹಾಕೋದಾ?

ನೀವೇ ಹಾಕ್ಬಹುದು, ಎಲ್ಲಾ ಅರ್ಜಿನೂ ಆನ್‌ಲೈನ್. ಏಜೆಂಟರಿಗೆ ಇಂಗ್ಲೆಂಡ್, ಆಸ್ಟ್ರೇಲಿಯಾದ ಸುಮಾರು ಯೂನಿವರ್ಸಿಟಿಗಳಿಂದ ಕಮಿಷನ್ ಬರತ್ತೆ, ಅದಕ್ಕೇ ಅವರ ಪಟ್ಟಿಯಲ್ಲಿ ಅವೇ ಮೇಲಿರ್ತವೆ, ಫೀಸ್ ಇಲ್ಲದ ಜರ್ಮನಿಯ ಸರ್ಕಾರಿ ಯೂನಿವರ್ಸಿಟಿ ಹೆಸರು ಬರೋದು ಅಪರೂಪ. ಒಳ್ಳೇ ಏಜೆಂಟರೂ ಇದ್ದಾರೆ, ವೀಸಾ ಪೇಪರ್ ಜೋಡಿಸಕ್ಕೆ ಸಹಾಯ ಆಗತ್ತೆ. ಆದ್ರೆ ಪಾಸ್‌ವರ್ಡ್ ನಿಮ್ಮ ಹತ್ರನೇ ಇರಲಿ, ಒರಿಜಿನಲ್ ಮಾರ್ಕ್ಸ್ ಕಾರ್ಡ್ ಅವರ ಹತ್ರ ಬಿಡ್ಬೇಡಿ, ಎಸ್‌ಒಪಿ ಅವರ ಕೈಯಲ್ಲಿ ಬರೆಸ್ಬೇಡಿ.

ಬ್ಯಾಕ್‌ಲಾಗ್ ಇತ್ತು, ಎರಡು ವರ್ಷ ಗ್ಯಾಪ್ ಕೂಡ ಇದೆ.

ಒಂದೆರಡು ಬ್ಯಾಕ್‌ಲಾಗ್ ಕ್ಲಿಯರ್ ಆಗಿದ್ರೆ ಹಾಕಿ, ಮುಚ್ಚಿಡ್ಬೇಡಿ, ಟ್ರಾನ್ಸ್‌ಕ್ರಿಪ್ಟಲ್ಲಿ ಕಾಣತ್ತೆ. ಗ್ಯಾಪಲ್ಲಿ ತೋಟ ನೋಡ್ಕೊಂಡಿದ್ರೆ, ಹೋಂಸ್ಟೇ ನಡೆಸಿದ್ರೆ, ಮನೆಯಲ್ಲಿ ಯಾರಿಗೋ ಹುಷಾರಿಲ್ಲದೆ ನಿಂತಿದ್ರೆ ಅದನ್ನೇ ಬರೀರಿ. ಬಿಬಿಎ ಮಾಡಿದ ಹುಡುಗಿ ಎರಡು ವರ್ಷ ಹೋಂಸ್ಟೇ ಲೆಕ್ಕಪತ್ರ ನೋಡಿದ್ದು ಹಾಸ್ಪಿಟಾಲಿಟಿ ಮಾಸ್ಟರ್ಸ್‌ಗೆ ಅನುಭವವೇ.

ಯಾವಾಗ ಶುರು ಮಾಡ್ಬೇಕು?

ಹೋಗೋ ದಿನಕ್ಕಿಂತ ಒಂದೂವರೆ ವರ್ಷ ಮುಂಚೆ. ಅಮೆರಿಕದ ಡೆಡ್‌ಲೈನ್ ಹೆಚ್ಚಾಗಿ ಡಿಸೆಂಬರ್, ಜನವರಿ, ಜರ್ಮನಿಯ ಚಳಿಗಾಲದ ಸೆಮಿಸ್ಟರ್‌ಗೆ ಜುಲೈ 15 ಅಂತ ಇದ್ರೂ ಸುಮಾರು ಕೋರ್ಸ್ ಅದಕ್ಕಿಂತ ಮೊದಲೇ ಮುಚ್ಚತ್ತೆ. ಕೊಣಾಜೆಗೆ ಓಡಾಡೋದು, ಕೊರಿಯರ್ ಕಳ್ಸೋದು, ದೊಡ್ಡ ಫೈಲ್ ಅಪ್‌ಲೋಡ್ ಮಾಡೋದು ಎಲ್ಲಾ ಮೇ ಒಳಗೆ ಮುಗಿಸಿ. ಜೂನ್‌ನಿಂದ ಆಗಸ್ಟ್‌ವರೆಗೆ ನಮ್ಮಲ್ಲಿ ಕರೆಂಟ್ ಹೋದ್ರೆ ಎರಡು ಮೂರು ದಿನ ಬರಲ್ಲ, ಟವರ್ ಇರಲ್ಲ, 2018ರಲ್ಲಿ ಜೋಡುಪಾಲದ ಹತ್ರ ಗುಡ್ಡ ಕುಸಿದಾಗ ಮಂಗಳೂರು ರಸ್ತೆಯೇ ಬಂದ್ ಆಗಿತ್ತು. ಮಳೆಗಾಲದಲ್ಲೇ ಡೆಡ್‌ಲೈನ್ ಬಿದ್ರೆ ಕೊನೇ ವಾರಕ್ಕೆ ಮೈಸೂರಲ್ಲೋ ಬೆಂಗಳೂರಲ್ಲೋ ಇರೋ ನೆಂಟರ ಮನೆಗೆ ಲ್ಯಾಪ್‌ಟಾಪ್ ತಗೊಂಡು ಹೋಗಿ ಕೂತು ಸಬ್ಮಿಟ್ ಮಾಡಿ.